ಮಂಜುಳ ಎಂಬ ಹುದ್ದೆ

ಆ ಮನೆಯಲ್ಲಿ ಮಂಜುಳ ಎನ್ನುವುದು ಹೆಸರಲ್ಲ, ಹುದ್ದೆ.

ತಬಿತಾಳಿಗಿಂತ ಮೊದಲು ಅಲ್ಲಿ ಕೆಲಸಕ್ಕಿದ್ದವಳು ಮಂಜುಳ. ಅವಳಿಗಿಂತ ಮೊದಲಿನವಳೂ ಮಂಜುಳ. ಹೆತ್ತವರೇ ಮಂಜುಳ ಎಂದು ಹೆಸರಿಟ್ಟ ಒಬ್ಬಳು ಎಲ್ಲರಿಗಿಂತ ಮೊದಲು ಇದ್ದಳಂತೆ. ಮದುವೆಯಾಗಿ ತುಮಕೂರಿನ ಕಡೆ ಹೋದಳು. ಹೋಗುವಾಗ ಬಟ್ಟೆಬರೆ ತೆಗೆದುಕೊಂಡು ಹೋದಳು, ಹೆಸರನ್ನು ಬಿಟ್ಟುಹೋದಳು. ಗಾಲಿಕುರ್ಚಿ, ಬೆಡ್‌ಪ್ಯಾನ್, ರಬ್ಬರ್ ಶೀಟು, ಮಂಜುಳ. ಇಷ್ಟು ಆ ಕೋಣೆಯ ಸಾಮಾನು.

“ಅತ್ತೆಗೆ ಹೊಸ ಹೆಸ್ರೆಲ್ಲ ನೆನಪಿರಲ್ಲ,” ಎಂದು ಸೊಸೆ ಮಾಧವಿ ಮೊದಲ ದಿನವೇ ಹೇಳಿದ್ದಳು.

ಅತ್ತೆ ಸರಸ್ವತಮ್ಮನಿಗೆ ಮಾಗಡಿ ಕಡೆಯ ತನ್ನ ಊರಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎತ್ತು ಎಮ್ಮೆಗಳ ಹೆಸರೆಲ್ಲ ನೆನಪಿದ್ದವು. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತೇ ಹೊರತು ತಲೆಗೆ ಏನೂ ಆಗಿರಲಿಲ್ಲ. ಆದರೆ ಕೆಲಸಕ್ಕೆ ಸೇರಿದ ದಿನವೇ ಯಾರೂ ಇಂಥದ್ದನ್ನು ಎತ್ತಿ ಆಡುವುದಿಲ್ಲ. ತಬಿತಾಳೂ ಆಡಲಿಲ್ಲ. “ಸರಿ ಮೇಡಂ” ಎಂದಳು. ಆವತ್ತಿನಿಂದ ಬೆಳಿಗ್ಗೆ ಎಂಟಕ್ಕೆ ಗಾಂಧಿ ಬಜಾರಿನ ಹಿಂದಿನ ಆ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದರೆ ಮಂಜುಳ, ರಾತ್ರಿ ಇಳಿದರೆ ತಬಿತಾ.

ಹೆಸರು ಮನೆಯವರು ಕೊಟ್ಟರು. ಹಣೆಯನ್ನು ಕೊಟ್ಟವನು ಹರಿಕೃಷ್ಣ. ಅವನದು ಮನೆಗಳಿಗೆ ಆರೈಕೆಯವರನ್ನು ಕಳಿಸುವ ವ್ಯವಹಾರ. ತರಗುಪೇಟೆಯಲ್ಲಿ ಒಂದು ಬೇಳೆ ಮಂಡಿಯ ಮೇಲೆ ಅವನ ಕೋಣೆ. ಮೆಟ್ಟಿಲು ಹತ್ತುವಷ್ಟರಲ್ಲಿ ತೊಗರಿ ಧೂಳಿಗೆ ಸೀನು ಬರುತ್ತದೆ. ಮೇಜಿನ ಡ್ರಾಯರಿನಲ್ಲಿ ಅವನು ಎರಡು ಬಗೆಯ ಸಾಮಾನು ಇಟ್ಟಿರುತ್ತಾನೆ: ಹುಡುಗಿಯರ ಆಧಾರ್ ಕಾರ್ಡುಗಳು ಮತ್ತು ಸ್ಟಿಕ್ಕರ್ ಬೊಟ್ಟಿನ ಹಾಳೆಗಳು. ಕಾರ್ಡು ಅವನ ಹತ್ತಿರವೇ ಇರುತ್ತದೆ. ಬೊಟ್ಟು ಹುಡುಗಿಯರಿಗೆ.

“ನೋಡು ತಬಿತಾ, ಬಸವನಗುಡಿ ಮಲ್ಲೇಶ್ವರ ಕಡೆ ಹೋಗೋರು ಇದನ್ನ ಇಟ್ಕೊಂಡು ಹೋಗ್ಬೇಕು. ಯೂನಿಫಾರಂ ಅನ್ಕೋ. ನಂಗೇನು, ನಾನು ಜಾತಿಗೀತಿ ನೋಡಲ್ಲ. ಕೆಲಸ ಕೊಡೋ ಪಾರ್ಟಿಗಳು ನೋಡ್ತಾರೆ.”

“ಇಟ್ಕೊಂಡಿಲ್ಲ ಅಂದ್ರೆ ಅಣ್ಣ?”

“ಇಟ್ಕೊಂಡಿಲ್ಲ ಅಂದ್ರೆ ಮನೇಲೇ ಇರು. ಅಲ್ಲಿ ಯಾರೂ ಕೇಳಲ್ಲ.”

ಕ್ರೈಸ್ತರ ಮನೆಗೇ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹೋಗಿದ್ದಳು. ನಗರದ ಇನ್ನೊಂದು ಬದಿಯಲ್ಲಿ, ಮುಂದೆ ತೋಟವಿದ್ದ ದೊಡ್ಡ ಮನೆ. ಮನೆಯೊಡತಿ ಮೊದಲು ಕೇಳಿದ್ದು ಯಾವ ಸಭೆ, ಅಂದರೆ ಯಾವ ಚರ್ಚಿನವಳು ಎಂದು. ಎರಡನೆಯದು, ಅಜ್ಜನ ಕಾಲದಲ್ಲಿ ಯಾವ ಊರು, ಊರೊಳಗೋ ಊರಾಚೆಗೋ ಎಂದು. ತಬಿತಾ ನಿಜ ಹೇಳಿದಳು. ಮರುದಿನದಿಂದ ಅವಳ ಕಾಫಿ ಲೋಟ ಕಿಟಕಿಯ ಕಟ್ಟೆಗೆ ಹೋಯಿತು. ಆ ಕಿಟಕಿಯ ಮೇಲೆ ಯೇಸುವಿನ ಚಿತ್ರವಿತ್ತು. ಅಲ್ಲಿ ಹೆಸರು ಬದಲಾಯಿಸಲಿಲ್ಲ. ಲೋಟ ಬದಲಾಯಿಸಿದರು.

ಅಪ್ಪ ಸಂಜೀವಪ್ಪ ಇಡೀ ಆಯುಸ್ಸು ಮಾರುಕಟ್ಟೆಯ ಚರಂಡಿಗಳ ಕೊಳೆ ಎತ್ತಿದವನು. ಮಗಳು ಅಂಗಡಿಯಲ್ಲೋ ಆಫೀಸಿನಲ್ಲೋ ಫ್ಯಾನಿನ ಕೆಳಗೆ ಕೂರಬೇಕು ಎನ್ನುವುದು ಅವನ ಆಸೆ. ಪಿಯುಸಿ ಮುಗಿಸಿ ಅವಳು ಕೋಲಾರದ ಕಡೆಯ ಮಿಷನ್ ಆಸ್ಪತ್ರೆಯೊಂದಕ್ಕೆ ರೋಗಿಗಳ ಆರೈಕೆ ಕಲಿಯಲು ಹೊರಟಾಗ ಒಂದು ವಾರ ಮಾತು ಬಿಟ್ಟಿದ್ದ. ಆಮೇಲೆ ಕೇಳಿದ್ದ, “ನಾವು ಬಿಡ್ಬೇಕು ಅಂತ ಸತ್ತ ಕೆಲಸಕ್ಕೆ ನೀನು ಸರ್ಟಿಫಿಕೇಟ್ ತಗೊಂಡು ಹೋಗ್ತೀಯಾ?”

“ನಿನ್ ಕೈಲಿ ಮಾಡಿಸಿದ್ರು ಅಪ್ಪ. ನಾನು ಮಾಡ್ತೀನಿ.”

ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಿತ್ತು, ಆದರೆ ವಿವರಿಸಲು ಬರಲಿಲ್ಲ. ಆಸ್ಪತ್ರೆಯಲ್ಲಿ ಕಲಿಸುತ್ತಿದ್ದ ಸಲೋಮಿ ಸಿಸ್ಟರ್ ಕೂಡ ವಿವರಿಸುವವರಲ್ಲ. ಹೊಸ ಹುಡುಗಿಯೊಬ್ಬಳು ರೋಗಿಯ ಮೈ ಒರೆಸುವ ಮೊದಲು ಕಣ್ಣು ಮುಚ್ಚಿ ಉದ್ದಕ್ಕೆ ಪ್ರಾರ್ಥನೆ ಮಾಡುತ್ತ ನಿಂತಿದ್ದಾಗ ಅವರು ಹಿಂದಿನಿಂದ ಬಂದು, “ಮೊದ್ಲು ನೀರು ತಣ್ಣಗಾಗಿದ್ಯಾ ನೋಡಮ್ಮ, ಆಮೇಲೆ ಆಮೆನ್ ಅನ್ನು,” ಎಂದಿದ್ದರು. ತಬಿತಾ ಪಕ್ಕದ ಮಂಚದ ಹತ್ತಿರ ನಿಂತಿದ್ದಳು. ಅವತ್ತು ಅವಳಿಗೆ ತನ್ನ ಕೆಲಸ ಯಾವುದೆಂದು ತಿಳಿಯಿತು. ಯಾವ ಬೆಳಕೂ ಬೀಳಲಿಲ್ಲ, ಯಾವ ದನಿಯೂ ಕೇಳಿಸಲಿಲ್ಲ. ದೇವರು ಇದಕ್ಕೇ ತನ್ನನ್ನು ಕರೆದಿದ್ದಾನೆ ಎನ್ನುವುದು, ಹಸಿವಾದದ್ದು ಗೊತ್ತಾಗುವಂತೆ ಗೊತ್ತಾಯಿತು.

ಸರಸ್ವತಮ್ಮ ಭಾರದ ಹೆಂಗಸು. ಬೆಳಿಗ್ಗೆ ಮೊದಲ ಕೆಲಸ ಅವಳನ್ನು ಬಲಕ್ಕೆ ತಿರುಗಿಸಿ, ರಾತ್ರಿಯ ಬಟ್ಟೆ ಎಳೆದು, ಹೇಲು ಬಳಿದು, ತೊಡೆಸಂದಿ ತೊಳೆದು, ಒಣ ಬಟ್ಟೆಯಿಂದ ಒತ್ತಿ ಪುಡಿ ಹಾಕುವುದು. ಉಜ್ಜಬಾರದು, ಒತ್ತಬೇಕು. ತಬಿತಾ ಬಂದಾಗ ಸೊಂಟದ ಕೆಳಗೆ ಎರಡು ರೂಪಾಯಿಯ ನಾಣ್ಯದಷ್ಟು ಹುಣ್ಣಿತ್ತು. ಈಗ ಅದು ಮುಚ್ಚಿಕೊಳ್ಳುತ್ತ ಬಂದಿತ್ತು. ಒದ್ದೆಯಲ್ಲಿ ಬಿಟ್ಟರೆ ಮತ್ತೆ ಬಾಯಿ ಬಿಡುತ್ತದೆ. ಹೀಗಾಗಿ ದಿನವಿಡೀ ಅವಳ ಒಂದು ಕಿವಿ ಆ ಮಂಚದ ಮೇಲೆ.

ಇನ್ನೊಂದು ಕಿವಿ ತನ್ನ ನಾಲಿಗೆಯ ಮೇಲೆ. ಲೋಟ ಬಿದ್ದರೆ, ಕಾಲು ಜಾರಿದರೆ, ಬಿಸಿನೀರು ಸಿಡಿದರೆ ಬಾಯಿಗೆ ತಾನಾಗಿ ಬರುವ ಹೆಸರೊಂದಿತ್ತು. ಚಿಕ್ಕಂದಿನಿಂದ ಬಂದದ್ದು. ಅದನ್ನು ತಡೆದು “ಅಯ್ಯೋ ದೇವ್ರೇ” ಎನ್ನುವುದನ್ನು ಅವಳು ಮನೆಯಲ್ಲಿ ಕೂತು ಅಭ್ಯಾಸ ಮಾಡಿದ್ದಳು. ದೇವರು ಎಂದರೆ ಯಾರ ದೇವರೆಂದು ಯಾರೂ ಕೇಳುವುದಿಲ್ಲ. ಅವಳಮ್ಮ ಹಿಂದಿನಿಂದ ಬಂದು ಬೆನ್ನಿಗೆ ಗುದ್ದುವಳು. ಸರಿಯಾದ ಮಾತು ಬಂದರೆ ಪಾಸು. “ನಮ್ ಕಾಲದಲ್ಲಿ ಭಾನುವಾರದ ಶಾಲೇಲಿ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸ್ತಿದ್ರು. ನಿನ್ ಕಾಲಕ್ಕೆ ಮರೆಯೋದನ್ನ ಬಾಯಿಪಾಠ ಮಾಡ್ಬೇಕಾ?” ಎಂದು ಅಮ್ಮ ನಕ್ಕಳು. ಆಮೇಲೆ ನಗಲಿಲ್ಲ.

ನಾಲಿಗೆಗೆ ಕಾವಲಿತ್ತು. ಹಣೆಗೆ ಇರಲಿಲ್ಲ.

ಒಂದು ದಿನ ಅಜ್ಜಿಯ ತಲೆ ತೊಳೆಯುವಾಗ ಬೊಟ್ಟು ಬೆವರಿಗೆ ಬಿಟ್ಟುಕೊಂಡು ಬೋಗುಣಿಯ ನೀರಿಗೆ ಬಿತ್ತು. ತಬಿತಾ ನೋಡಲಿಲ್ಲ. ಇಡೀ ಬೆಳಿಗ್ಗೆ ಬರಿ ಹಣೆಯಲ್ಲೇ ಓಡಾಡಿದಳು. ಮಧ್ಯಾಹ್ನ ಅಜ್ಜಿಗೆ ಗಂಜಿ ಕುಡಿಸುವಾಗ ಮುದುಕಿ ಬಾಯಿ ಒರೆಸಿಕೊಂಡು ನಿಧಾನವಾಗಿ ಹೇಳಿದಳು, “ಹಣೆ ಖಾಲಿ ಆಗಿ ಎಷ್ಟೊತ್ತಾಯ್ತು, ಒಂದ್ಸಲಾನೂ ಕೈ ಹೋಗ್ಲಿಲ್ವಲ್ಲೇ. ಇಟ್ಕೊಂಡು ಹುಟ್ಟಿದ ಹೆಂಗಸ್ರಿಗೆ ಒಂದು ಗಳಿಗೆಗೇ ಹಣೆ ತುರಿಸ್ತದೆ. ನೀನು ಸಾಬ್ರೋಳಾ, ಕಿರಿಸ್ತಾನದೋಳಾ?”

ಚಮಚ ಗಂಜಿಯಲ್ಲೇ ನಿಂತಿತು. ಬಾಗಿಲ ಕಡೆ ನೋಡಿ ತಬಿತಾ ಹೇಳಿದಳು, “ಕ್ರೈಸ್ತಳು ಅಜ್ಜಿ.”

“ಹೆಸ್ರು?”

“ತಬಿತಾ.”

“ಅದೇನ್ ಹೆಸ್ರೋ. ನಾನು ಹೇಳಲ್ಲ ಬಿಡು ಯಾರ್ಗೂ.” ಮುದುಕಿ ಬಾಯಿ ತೆರೆದು ಇನ್ನೊಂದು ಚಮಚ ಗಂಜಿ ತೆಗೆದುಕೊಂಡಳು. ನುಂಗಿದಳು. “ನಿಮ್ಮನೇಲಿ ಒಣ ಸೀಗಡಿ ಮಾಡ್ತಾರಾ?”

ಮಾಧವಿ ಯಾವುದೋ ಗುರುಗಳ ಮಾತು ಕೇಳಿ ಮನೆಯಲ್ಲಿ ಮೊಟ್ಟೆ ಕೂಡ ನಿಲ್ಲಿಸಿ ಎರಡು ವರ್ಷವಾಗಿತ್ತು. ಹೊಲದಲ್ಲಿ ದುಡಿದು, ಒಣ ಸೀಗಡಿ ಹುರಿದು ಮುದ್ದೆ ಉಂಡ ಮುದುಕಿಗೆ ಆ ಎರಡು ವರ್ಷ ಲಕ್ವಕ್ಕಿಂತ ಕಷ್ಟವಾಗಿತ್ತು. ಅಂದಿನಿಂದ ತಬಿತಾಳ ಅಮ್ಮ ಸೀಗಡಿ ಸಾರು ಕುದಿಸಿ, ಗಂಟಲಿಗೆ ಸಿಗದಂತೆ ಬಟ್ಟೆಯಲ್ಲಿ ಸೋಸಿ, ಸಣ್ಣ ಡಬ್ಬಿಯಲ್ಲಿ ಹಾಕಿಕೊಡತೊಡಗಿದಳು. ಕೋಣೆಯ ಕಿಟಕಿ ತೆರೆದು, ಅಗರಬತ್ತಿ ಹಚ್ಚಿ ಅಜ್ಜಿಗೆ ಕುಡಿಸುವುದು. ಆ ವಾಸನೆಗೆ ಮಾಧವಿ ಪ್ಲಂಬರ್‌ನನ್ನು ಎರಡು ಸಲ ಕರೆಸಿ ಬಚ್ಚಲ ಪೈಪು ಬಿಚ್ಚಿಸಿದಳು. ಅವನಿಗೆ ಏನೂ ಸಿಗಲಿಲ್ಲ.

“ಹೇಳಲ್ಲ ಬಿಡು” ಎನ್ನುವುದು ಮಾತು ಕೊಟ್ಟಿದ್ದೋ ಬೆದರಿಸಿದ್ದೋ ತಬಿತಾ ಯೋಚಿಸಿದ್ದಳು. ಎರಡೂ ಇರಬಹುದು ಎನಿಸಿತ್ತು. ಆದರೂ ಇಬ್ಬರೇ ಇದ್ದಾಗ ಮುದುಕಿ ಅವಳನ್ನು ಮಂಜುಳ ಎನ್ನುತ್ತಿರಲಿಲ್ಲ. ತಬಿತಾ ಎಂದೂ ಎನ್ನುತ್ತಿರಲಿಲ್ಲ. “ಇವಳೇ” ಎನ್ನುತ್ತಿದ್ದಳು.

ಒಂದು ಶುಕ್ರವಾರ ಮನೆಯ ಹಾಲಿನಲ್ಲಿ ಲಲಿತಾ ಸಹಸ್ರನಾಮ ನಡೆದಿತ್ತು. ಪ್ರತಿ ಶುಕ್ರವಾರ ಅಪಾರ್ಟ್‌ಮೆಂಟಿನ ಒಂದೊಂದು ಮನೆಯ ಸರದಿ, ಈ ಸಲ ಮಾಧವಿಯದು. ಹತ್ತಿಪ್ಪತ್ತು ಹೆಂಗಸರು ಕೂತು ಹೇಳುತ್ತಿದ್ದರು. ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು ತಬಿತಾ. ಮೂರನೇ ಮಹಡಿಯ ಹೇಮಶ್ರೀ ತಡವಾಗಿ ಬಂದವಳು, ನೈವೇದ್ಯವಾಗಿದ್ದ ಕಡಲೆಕಾಳು ಉಸಲಿಯನ್ನು ದೊನ್ನೆಯಲ್ಲಿ ಹಿಡಿದು, ಹಿರಿಯರಿಗೆ ಮೊದಲು ಎಂದು ಸೀದಾ ಕೋಣೆಗೆ ಬಂದಳು.

“ಅಜ್ಜಿಗೆ ಗಟ್ಟಿ ಪದಾರ್ಥ ಕೊಡಂಗಿಲ್ಲ ಮೇಡಂ. ನುಂಗಕ್ಕಾಗಲ್ಲ,” ತಬಿತಾ ಅಡ್ಡ ಬಂದಳು.

“ಪ್ರಸಾದಕ್ಕೂ ಡಾಕ್ಟರ್ ಚೀಟಿ ಬೇಕೇನೇ?” ಹೇಮಶ್ರೀ ನಕ್ಕಳು. “ಬಾಯಿ ತೆಗೀರಿ ಅಜ್ಜಿ. ಅಮ್ಮನೋರೇ ನೋಡ್ಕೋತಾರೆ.”

ಅಜ್ಜಿ ಬಾಯಿ ತೆಗೆದಳು. ಉಪ್ಪು ಖಾರ ಕಂಡರೆ ಅವಳು ಯಾರಿಗಾದರೂ ಬಾಯಿ ತೆಗೆಯುತ್ತಿದ್ದಳು.

ಎರಡು ಸಲ ಅಗಿದಳು. ಮೂರನೆಯದಕ್ಕೆ ಕಣ್ಣು ದೊಡ್ಡದಾಯಿತು. ಕೆಮ್ಮು ಬರಲಿಲ್ಲ. ದನಿಯೂ ಬರಲಿಲ್ಲ. ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಹೇಮಶ್ರೀ ದೊನ್ನೆ ಹಿಡಿದುಕೊಂಡೇ ಗೋಡೆಗೆ ಒತ್ತಿಕೊಂಡಳು. ತಬಿತಾ ಮಂಚದ ಮೇಲೆ ಮಂಡಿಯೂರಿ, ಮುದುಕಿಯನ್ನು ಮುಂದಕ್ಕೆ ಎಳೆದು ತನ್ನ ತೋಳಿನ ಮೇಲೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಹೊಡೆದಳು. ಏನೂ ಬರಲಿಲ್ಲ. ಮತ್ತೆ ಹೊಡೆದಳು. ಬರಲಿಲ್ಲ. ಆ ದೊಡ್ಡ ಮೈ ಕೈಯಲ್ಲಿ ಸಡಿಲವಾಗತೊಡಗಿತು.

“ಯೇಸಪ್ಪಾ!”

ಹೊಡೆತವೂ ಕೂಗೂ ಒಟ್ಟಿಗೆ ಬಿದ್ದವು. ಅರ್ಧ ಅಗಿದ ಕಡಲೆಕಾಳು ಎಂಜಲ ಜೊತೆ ಹೊದಿಕೆಯ ಮೇಲೆ ಬಿತ್ತು. ಅಜ್ಜಿ ಹುಟ್ಟಿದ ಕೂಸಿನ ಹಾಗೆ ಉಸಿರೆಳೆದು ಕೆಮ್ಮಿದಳು. ಕೆಮ್ಮಿನ ಜೊತೆಗೇ ಕೆಳಗಿನದೂ ಹೋಯಿತು. ವಾಸನೆ ಕೋಣೆ ತುಂಬಿತು.

ಹಾಲಿನಲ್ಲಿ ಆಗಷ್ಟೇ ಒಂದು ಶ್ಲೋಕ ಮುಗಿದು ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳುವ ಸಮಯ. ಸಾವಿರ ಹೆಸರುಗಳಲ್ಲಿ ಇಲ್ಲದ ಒಂದು ಹೆಸರು ಒಳಗಿನಿಂದ ಬಂದದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಮಾಧವಿ ಬಾಗಿಲಿಗೆ ಓಡಿ ಬಂದಳು. ಅತ್ತೆ ಕೆಮ್ಮುತ್ತಿದ್ದಳು. ಮಾಧವಿ ಅತ್ತೆಯನ್ನು ನೋಡಲಿಲ್ಲ.

“ಏನಂದೆ ನೀನು?”

“ಅಜ್ಜಿ ಗಂಟಲಲ್ಲಿ ಸಿಕ್ಕೊಂಡಿತ್ತು ಮೇಡಂ. ಈಗ ಬಂತು. ಸ್ವಲ್ಪ ಬಿಸಿನೀರು…”

“ಅದಲ್ಲ. ಏನಂತ ಕೂಗ್ದೆ?”

ಹೇಮಶ್ರೀ ಗೋಡೆಯಿಂದ ಬಿಡಿಸಿಕೊಂಡಳು. ಅವಳಿಗೆ ಈಗ ದನಿ ಬಂದಿತ್ತು. “ನಾನು ಪಕ್ಕದಲ್ಲೇ ಇದ್ದೆ ಮಾಧವಿ. ಅವರ ದೇವ್ರನ್ನ ಕೂಗಿದ್ಳು. ಅತ್ತೆಯೋರ್ನ ಹಿಡ್ಕೊಂಡು, ಬೆನ್ನಿಗೆ ಹೊಡೀತಾ ಕೂಗಿದ್ಳು. ಅವ್ರು ಹಂಗೇ ಮಾಡೋದು. ಸಾಯೋ ಹೊತ್ತು ನೋಡ್ಕೊಂಡು ಕಿವೀಲಿ ಹೇಳ್ಬಿಡ್ತಾರೆ.”

ಉಸಲಿಯ ದೊನ್ನೆ ಇನ್ನೂ ಅವಳ ಕೈಯಲ್ಲೇ ಇತ್ತು.

ಹೆಂಗಸರು ಸಹಸ್ರನಾಮ ಅರ್ಧಕ್ಕೆ ಬಿಟ್ಟು, ಪ್ರಸಾದ ಮರೆಯದೆ ತೆಗೆದುಕೊಂಡು ಹೋದರು. ಅವರು ಲಿಫ್ಟ್ ಇಳಿಯುವಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲ ಪ್ರಶ್ನೆ ಬಿತ್ತು. ಮಾಧವಿಯ ಗಂಡ ಗೌರೀಶ್ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷ. ಜಮೀನು ವ್ಯವಹಾರದವನು. ಮುಂದಿನ ಚುನಾವಣೆಯಲ್ಲಿ ವಾರ್ಡಿಗೆ ಟಿಕೆಟ್ ಸಿಗುತ್ತದೆಂದು ಈಗಾಗಲೇ ಬಿಳಿ ಅಂಗಿ ಹೊಲಿಸಿಕೊಂಡಿದ್ದ. ಹತ್ತು ನಿಮಿಷದಲ್ಲಿ ಮನೆಗೆ ಬಂದ. ಬಂದವನು ತಬಿತಾಳನ್ನು ಕೋಣೆಯಿಂದ ಹೊರಗೆ ಕರೆದು ಹಾಲಿನಲ್ಲಿ ನಿಲ್ಲಿಸಿದ.

“ಸರ್, ಅಜ್ಜಿ ಮಾಡ್ಕೊಂಡಿದಾರೆ. ತೊಳೆದ್ಬಿಟ್ಟು ಬರ್ತೀನಿ.”

“ನಿಂತ್ಕೋ. ಅವರನ್ನ ಮುಟ್ಬೇಡ.”

ಅವನು ಮೂಗು ಹಿಡಿದುಕೊಂಡು ಕೋಣೆಯ ಬಾಗಿಲವರೆಗೆ ಹೋದ. ಹೊಸ್ತಿಲು ದಾಟಲಿಲ್ಲ. “ಅಮ್ಮಾ, ಇವಳು ಕ್ರಿಶ್ಚಿಯನ್ ಅಂತ ನಿಂಗೆ ಗೊತ್ತಿತ್ತಾ?”

ತಬಿತಾ ಹಾಲಿನಿಂದಲೇ ಆಲಿಸಿದಳು. ಒಂದು ಮಾತು ಸಾಕಿತ್ತು. ಗೊತ್ತು ಕಣಪ್ಪ, ನನ್ನ ಜೀವ ಉಳಿಸಿದಳು ಎಂದರೆ ಸಾಕಿತ್ತು. ಅಷ್ಟೂ ಬೇಡ, ತೊಳೆಸಿಕೊಳ್ಳಬೇಕು, ಅವಳನ್ನು ಒಳಗೆ ಬಿಡು ಎಂದರೂ ಸಾಕಿತ್ತು.

“ನಂಗೇನಪ್ಪಾ ಗೊತ್ತು,” ಸರಸ್ವತಮ್ಮನ ದನಿ ಇನ್ನೂ ಗೊರಗೊರ ಎನ್ನುತ್ತಿತ್ತು. “ಹಾಸಿಗೆ ಹಿಡಿದೋಳು ನಾನು. ನೀವು ತಂದ್ ಬಿಟ್ಟಿದ್ದು.”

ಸೀಗಡಿ ಸಾರಿನ ಡಬ್ಬಿ ತಬಿತಾಳ ಚೀಲದಲ್ಲಿತ್ತು. ಆವತ್ತಿನದು ಇನ್ನೂ ಕುಡಿಸಿರಲಿಲ್ಲ. ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ಅವಳು ಇಡಲಿಲ್ಲ. ಅಜ್ಜಿಯ ಗುಟ್ಟು ಅಜ್ಜಿಯದು. ತಬಿತಾಳ ತಲೆಯಲ್ಲಿದ್ದದ್ದು ಅಜ್ಜಿಯ ಸೊಂಟದ ಕೆಳಗಿನ ಹುಣ್ಣು. ಒದ್ದೆಯಲ್ಲಿ ಇದ್ದು ಎಷ್ಟು ಹೊತ್ತಾಯಿತು?

ಗೌರೀಶನ ಫೋನಿಗೆ ಹರಿಕೃಷ್ಣ ಆ್ಯಕ್ಟಿವಾದಲ್ಲಿ ಬಂದ. ತಲೆಯ ಮೇಲೆ ಹೆಲ್ಮೆಟ್ ಇದ್ದ ಹಾಗೆಯೇ ಕೈ ಮುಗಿದ. “ಸಾರ್, ಹುಡುಗಿ ಒಳ್ಳೇದು ಸಾರ್. ನಂಬಿಕಸ್ಥೆ. ಏನೋ ಗಾಬ್ರೀಲಿ…”

“ರೀ, ನೀವು ನಮ್ಗೆ ಮಂಜುಳ ಅಂತ ಕೊಟ್ರಿ.”

“ಸಾರ್, ಮಂಜುಳ ಅಂತ ಕರೆದಿದ್ದು ನಿಮ್ಮನೆಯೋರೇ…”

“ಬೊಟ್ಟು ಇಟ್ಟು ಕಳಿಸಿದ್ದು ಯಾರು? ನಾನಾ?” ಗೌರೀಶ್ ಫೋನು ತೆಗೆದು, ಬೆರಳಿನಿಂದ ಮೇಲಕ್ಕೆ ಸರಿಸುತ್ತ ಓದಿದ. “ನೋಡಿ. ಬಲವಂತ, ವಂಚನೆ, ಆಮಿಷ. ಮೂರರಲ್ಲಿ ಒಂದಿದ್ರೂ ಮತಾಂತರ ಅಂತ ಕೇಸಾಗ್ತದೆ. ಜೈಲು. ಕಾನೂನಿದೆ.”

ಆ ಕಾನೂನು ಈಗಲೂ ಇದೆಯೋ ಇಲ್ಲವೋ ಅವನಿಗೂ ಖಚಿತವಿರಲಿಲ್ಲ. ಹಾಲಿನಲ್ಲಿದ್ದ ಯಾರಿಗೂ ಇರಲಿಲ್ಲ. ಆದರೆ ತಬಿತಾಳನ್ನು ಹೆದರಿಸಲು ಅದು ಇದ್ದೇ ತೀರಬೇಕೆಂದೇನೂ ಇರಲಿಲ್ಲ. ಅವರ ಕಾಲೊನಿಯಲ್ಲಿ ಮನೆಯೊಳಗೆ ಪ್ರಾರ್ಥನೆ ಮಾಡುತ್ತಿದ್ದ ಒಬ್ಬರನ್ನು ಹೊರಗೆಳೆದು ಠಾಣೆಗೆ ಕರೆದುಕೊಂಡು ಹೋಗಿದ್ದರು. ಮೂರು ದಿನದ ಮೇಲೆ ಬಿಟ್ಟರು. ಯಾಕೆ ಹಿಡಿದಿದ್ದೆಂದೂ ಹೇಳಲಿಲ್ಲ, ಯಾಕೆ ಬಿಟ್ಟಿದ್ದೆಂದೂ ಹೇಳಲಿಲ್ಲ.

“ಸಾರ್, ಕೇಸು ಗೀಸು ಯಾಕೆ,” ಹರಿಕೃಷ್ಣ ಹೆಲ್ಮೆಟ್ ತೆಗೆದ. “ನಿಮ್ಮ ಹೆಸ್ರೂ ಬರ್ತದೆ. ಅಧ್ಯಕ್ಷರ ಮನೇಲೇ ಹಿಂಗೆ ಅಂತಾರೆ. ಟಿಕೆಟ್ ಟೈಮು.”

ಗೌರೀಶ್ ಯೋಚಿಸಿದ. ಯೋಚಿಸಿ ಸರಳವಾದ ಉಪಾಯ ಕಂಡುಹಿಡಿದ. ಅದು ಎಷ್ಟು ಸರಳವಾಗಿತ್ತೆಂದರೆ ಎಲ್ಲರ ಮುಖವೂ ಸಡಿಲವಾಯಿತು. ತಬಿತಾ ದೇವರ ಕೋಣೆಯ ಮುಂದೆ ನಿಂತು ಒಂದು ದೀಪ ಹಚ್ಚುವುದು. ಕ್ಯಾಮೆರಾ ನೋಡಿ ಎರಡು ಮಾತು ಹೇಳುವುದು: ನನ್ನ ಹೆಸರು ಮಂಜುಳ, ನಾನು ಹಿಂದೂ. ಅವನು ಅದನ್ನು ಗುಂಪಿಗೆ ಹಾಕುವುದು. ಹೇಮಶ್ರೀಗೂ ಉಳಿದವರಿಗೂ ತಪ್ಪಾಗಿ ಕೇಳಿಸಿತು ಎಂದಾಗುತ್ತದೆ.

“ಮುಗೀತು. ಕೆಲಸಾನೂ ಇರ್ತದೆ,” ಎಂದ ಗೌರೀಶ್.

“ಹೇಳ್ಬಿಡೇ,” ಮಾಧವಿಯ ದನಿ ಈಗ ಮೆತ್ತಗಿತ್ತು. “ಹೇಳ್ಬಿಟ್ಟು ಹೋಗಿ ಅತ್ತೆಗೆ ತೊಳಿ. ವಾಸನೆ ತಡ್ಯೋಕಾಗ್ತಿಲ್ಲ.”

ಹರಿಕೃಷ್ಣ ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದ, “ಬೆಳಿಗ್ಗೆಯಿಂದ ರಾತ್ರಿವರ್ಗೂ ಅದೇ ಹೆಸ್ರಿಗೆ ಹ್ಞೂಂ ಅಂತೀಯ. ಇವತ್ತೊಂದಿನ ಬಾಯಲ್ಲಿ ಹೇಳು. ನಿಮ್ ದೇವ್ರು ಏನ್ ಬೇಜಾರ್ ಮಾಡ್ಕೋತಾನಾ? ಅವ್ನು ಒಳ್ಳೆಯೋನು ಅಂತೀರಲ್ಲ.”

ಅದೂ ನಿಜವೇ ಎನಿಸಿತು ತಬಿತಾಳಿಗೆ. ಎಂಟು ತಿಂಗಳಿಂದ ಅವಳು ದಿನಾ ಬೆಳಿಗ್ಗೆ ಲಿಫ್ಟಿನ ಕನ್ನಡಿಯಲ್ಲಿ ಬೊಟ್ಟು ಅಂಟಿಸಿಕೊಳ್ಳುತ್ತ ಅದನ್ನೇ ಹೇಳುತ್ತಿದ್ದಳು, ಬಾಯಿ ಬಿಡದೆ. ಈಗ ಹೇಳಿದರೆ ಒಂದು ನಿಮಿಷದಲ್ಲಿ ಅಜ್ಜಿಯ ಹತ್ತಿರ ಹೋಗಬಹುದು. ಬಟ್ಟೆ ಬದಲಾಯಿಸಬಹುದು. ಹುಣ್ಣು ಉಳಿಯುತ್ತದೆ. ಕೆಲಸವೂ ಉಳಿಯುತ್ತದೆ. ಹೇಳದಿದ್ದರೆ ಏನೂ ಉಳಿಯುವುದಿಲ್ಲ. ಲೆಕ್ಕ ಹೀಗೆ ಇಷ್ಟು ನೇರವಾಗಿರುವುದು ಅಪರೂಪ. ಅವಳು ದೇವರ ಕೋಣೆಯ ಮುಂದೆ ಹೋಗಿ ನಿಂತಳು. ಮಾಧವಿ ಬೆಂಕಿಪೊಟ್ಟಣ ಕೊಟ್ಟಳು. ತಬಿತಾ ಕಡ್ಡಿ ಗೀರಿ ದೀಪ ಹಚ್ಚಿದಳು. ದೀಪ ಹಚ್ಚುವುದಕ್ಕೆ ಅವಳದೇನೂ ತಕರಾರಿರಲಿಲ್ಲ. ಕರೆಂಟು ಹೋದಾಗಲೆಲ್ಲ ಹಚ್ಚುತ್ತಾಳೆ.

ಗೌರೀಶ್ ಫೋನು ಎತ್ತಿ ಹಿಡಿದ. “ಹ್ಞಾಂ. ಹೇಳು.”

ತಬಿತಾ ಫೋನಿನ ಹಿಂದಿನ ಆ ಸಣ್ಣ ಗಾಜಿನ ಕಣ್ಣನ್ನು ನೋಡಿದಳು.

“ನನ್ನ ಹೆಸರು ತಬಿತಾ,” ಎಂದಳು. “ನಮ್ಮಪ್ಪ ಸಂಜೀವಪ್ಪ. ನಾನು ಕ್ರೈಸ್ತಳು.”

“ಏಯ್,” ಎಂದ ಹರಿಕೃಷ್ಣ.

“ಈ ಮನೆ ಅಜ್ಜಿಯ ಹೇಲು ಉಚ್ಚೆ ತೊಳೆಯೋದು ನನ್ನ ಕೆಲಸ. ಯಾರೂ ನನ್ನ ತಲೆ ಮೇಲೆ ಹೊರಿಸಿದ್ದಲ್ಲ, ನಾನೇ ಕಲ್ತು ಬಂದಿದ್ದು. ದೇವರು ಇದಕ್ಕೆ ಅಂತಾನೇ ನನ್ನ ಕರೆದ ಅಂತ ನಂಬಿದೀನಿ. ಆಗ ಕೂಗಿದ್ದು ಗಾಬರೀಲಿ ಬಾಯಿ ತಪ್ಪಿ ಅಂದಿದ್ದಲ್ಲ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೇ ತಪ್ಪು.”

ಅವಳ ದನಿ ಏರಲಿಲ್ಲ. ಅಜ್ಜಿಗೆ ಮಾತ್ರೆಯ ಹೊತ್ತು ಹೇಳುವ ದನಿಯೇ ಇತ್ತು.

“ಈ ಮನೇಲಿ ಮತಾಂತರ ಆಗಿದ್ದು ನಿಜ. ಅಜ್ಜೀದಲ್ಲ, ನಂದು. ಹೆಸರು ಬದಲಾಯ್ಸಿದ್ರು. ಹಣೆ ಬದಲಾಯ್ಸಿದ್ರು. ಹಿಂಗಿದ್ರೇ ಕೆಲಸ, ಇಲ್ಲಾಂದ್ರೆ ಇಲ್ಲ ಅಂದ್ರು. ಸರ್ ಈಗ ಓದಿದ್ರಲ್ಲ. ವಂಚನೆ ಇತ್ತು, ಆಮಿಷ ಇತ್ತು. ಬಲವಂತ ಇರ್ಲಿಲ್ಲ. ಈಗ ಅದೂ ಆಗ್ತಿದೆ.”

ಗೌರೀಶನ ಹೆಬ್ಬೆರಳು ನಿಲ್ಲಿಸುವ ಗುಂಡಿಯನ್ನು ಹುಡುಕುತ್ತಿತ್ತು. ಗಡಿಬಿಡಿಗೆ ಸಿಗಲಿಲ್ಲ. ಫೋನು ಇನ್ನೂ ಅವಳನ್ನೇ ನೋಡುತ್ತಿತ್ತು.

“ಸರಿಯಾಗಿ ಬಂತಾ ಸರ್? ಇಲ್ಲಾಂದ್ರೆ ಇನ್ನೊಂದ್ಸಲ ಹೇಳ್ತೀನಿ.”

“ಹೊರಗ್ ಹೋಗೇ!” ಅವನು ಫೋನು ಇಳಿಸಿದ. ಕಿವಿಯವರೆಗೆ ಕೆಂಪಾಗಿದ್ದ. “ಮನೆ ಅನ್ನ ತಿಂದು… ಇರು, ಪೊಲೀಸ್ರನ್ನೇ ಕರೀತೀನಿ.”

“ಕರೀರಿ ಸರ್.”

“ನಂಗೂ ಇವಳಿಗೂ ಸಂಬಂಧ ಇಲ್ಲ ಸಾರ್,” ಹರಿಕೃಷ್ಣ ಹೆಲ್ಮೆಟ್ ಹಾಕಿಕೊಂಡ. “ನಾಳೆ ಬೆಳಿಗ್ಗೆನೇ ಬೇರೆ ಹುಡುಗಿ ಕಳಿಸ್ತೀನಿ. ಮೇಡಂ, ಚಿಂತೆ ಬೇಡ.”

“ಹೆಸ್ರೇನು ಅವಳದು?” ಕೇಳಿದಳು ಮಾಧವಿ.

“ಮಂಜುಳ ಮೇಡಂ,” ಎಂದು ಅವನು ಬಾಗಿಲು ದಾಟಿದ.

ಗೌರೀಶ್ ಬಾಲ್ಕನಿಗೆ ಹೋಗಿ ಪೊಲೀಸರಿಗೆ ಫೋನು ಮಾಡುತ್ತಿದ್ದ. ತನ್ನ ಹೆಸರನ್ನೂ ತನಗೆ ಪರಿಚಯವಿದ್ದವರ ಹೆಸರನ್ನೂ ಎರಡೆರಡು ಸಲ ಹೇಳಿದ. ಮಾಧವಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಸೋಫಾದಲ್ಲಿ ಕೂತಿದ್ದಳು. ಕೋಣೆಯ ವಾಸನೆ ಈಗ ಹಾಲಿನ ಊದುಬತ್ತಿಯನ್ನೂ ಹೂವನ್ನೂ ಉಸಲಿಯನ್ನೂ ಗೆದ್ದಿತ್ತು. ಹೋಗು ಎಂದಿದ್ದರು. ಬಾಗಿಲು ತೆರೆದಿತ್ತು. ಹೋಗಿಬಿಡಬೇಕು, ಪೊಲೀಸರು ಬರುವ ಮೊದಲು ಚಾಮರಾಜಪೇಟೆ ದಾಟಿ ಮನೆ ಸೇರಿಬಿಡಬೇಕು ಎಂದು ಅವಳ ಕಾಲುಗಳು ಹೇಳುತ್ತಿದ್ದವು. ಅವು ಯಾವಾಗಲೂ ಅದನ್ನೇ ಹೇಳುತ್ತವೆ.

ತಬಿತಾ ಬಚ್ಚಲಿಗೆ ಹೋಗಿ ಗೀಸರ್ ಹಾಕಿದಳು.

“ಮುಟ್ಬೇಡ ಅಂದ್ರಲ್ಲ ಅವ್ರು,” ಮಾಧವಿ ಸೆರಗಿನೊಳಗಿಂದ ಹೇಳಿದಳು.

“ಹಾಗಾದ್ರೆ ನೀವು ಬನ್ನಿ ಮೇಡಂ.”

ಮಾಧವಿ ಕೂತಲ್ಲೇ ಇದ್ದಳು.

ಬೋಗುಣಿ, ಬಟ್ಟೆ, ಹೊಸ ಶೀಟು ಹಿಡಿದು ತಬಿತಾ ಕೋಣೆಗೆ ಹೋದಳು. ಬಾಗಿಲು ಹಾಕಲಿಲ್ಲ. ಹೊರಗಿನವರು ನೋಡುವುದಿದ್ದರೆ ನೋಡಲಿ. ಅಜ್ಜಿಯ ಮಾನಕ್ಕೆಂದು ಮಂಚದ ಪಕ್ಕದ ಅಡ್ಡ ಪರದೆಯನ್ನಷ್ಟೇ ಅರ್ಧ ಎಳೆದಳು. ಸರಸ್ವತಮ್ಮ ಚಾವಣಿ ನೋಡುತ್ತ ಮಲಗಿದ್ದಳು.

“ಅಜ್ಜಿ, ನಾನು ತಬಿತಾ. ಕ್ರೈಸ್ತಳು. ಮುಟ್ಬಹುದಾ?”

“ಹೇಲಲ್ಲಿ ಬಿದ್ದಿದೀನಿ, ಮುಟ್ಬಹುದಾ ಅಂತ ಕೇಳ್ತಾಳೆ ಇವಳು. ಎಷ್ಟೊತ್ತೇ!”

“ಗೊತ್ತಿಲ್ಲ ಅಂದ್ರಲ್ಲ. ಅದಕ್ಕೇ ಹೇಳಿ ಮುಟ್ಟೋಣ ಅಂತ.”

ಮುದುಕಿ ಮುಖ ಗೋಡೆಯ ಕಡೆ ತಿರುಗಿಸಿದಳು. ಕುತ್ತಿಗೆ ಒಂದೇ ಅವಳಿಗೆ ತಾನಾಗಿ ತಿರುಗಿಸಲು ಬರುತ್ತಿದ್ದದ್ದು. ಗೋಡೆಗೇ ಹೇಳಿದಳು, “ಅವನ ಕೈಲಿ ಅನ್ನ ತಿನ್ನೋಳು ನಾನು. ಏನ್ ಹೇಳ್ಲಿ?”

“ನಾನೂ ಅವ್ರ ಕೈಲೇ ಸಂಬಳ ತಗೊಳ್ತಿದ್ದೆ,” ಎಂದಳು ತಬಿತಾ. ಮೊಣಕೈಯಿಂದ ನೀರಿನ ಬಿಸಿ ನೋಡಿದಳು. ಬಳಿಯತೊಡಗಿದಳು. ಮೊದಲು ಬಟ್ಟೆಯಲ್ಲಿ, ಆಮೇಲೆ ನೀರಿನಲ್ಲಿ, ಆಮೇಲೆ ಸೋಪಿನಲ್ಲಿ. ಎಂದಿನಂತೆ ಮನಸ್ಸಿನೊಳಗೆ ಪ್ರಾರ್ಥನೆ ಶುರುವಾಯಿತು. ಇವತ್ತು ಅದು ತುಟಿಗೂ ಬಂತು. ಅವಳು ತಡೆಯಲಿಲ್ಲ. ಯೇಸಪ್ಪಾ, ಈ ಕಾಲು. ಯೇಸಪ್ಪಾ, ಈ ಬೆನ್ನು.

ಪೇದೆ ಬಂದದ್ದು ಅರ್ಧ ತೊಳೆದಾಗ. ನಡುವಯಸ್ಸಿನವನು, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಲಿಫ್ಟನ್ನು ಯಾರೋ ಮೂರನೇ ಮಹಡಿಯಲ್ಲಿ ಹಿಡಿದು ನಿಲ್ಲಿಸಿದ್ದರು. ಗೌರೀಶ್ ಅವನನ್ನು ಕೋಣೆಯ ಬಾಗಿಲಿಗೆ ಕರೆತಂದು ಬೆರಳು ತೋರಿಸಿದ. “ಇವಳೇ. ನೋಡಿ, ಈಗಲೂ ಬಾಯಲ್ಲಿ ಅದೇ.”

ಪೇದೆ ಹೊಸ್ತಿಲ ಆಚೆ ನಿಂತ. ಕರ್ಚೀಪು ತೆಗೆದು ಮೂಗಿಗೆ ಹಿಡಿದುಕೊಂಡ.

“ಏನಮ್ಮ ಹೆಸ್ರು?”

“ತಬಿತಾ ಸರ್.”

“ಬೇರೆ ಏನೋ ಅಂದ್ರು.”

“ಅದು ನಂದಲ್ಲ ಸರ್.”

“ಯಾವ ಜಾತಿ?”

“ನಮ್ಮಜ್ಜಿ ಕಾಲಕ್ಕೆ ಮಾದಿಗರು. ಈಗ ಕ್ರೈಸ್ತರು. ಎರಡೂ ಬರ್ಕೊಳ್ಳಿ.”

“ಇಲ್ಲಿ ಏನ್ ಮಾಡ್ತಿದೀಯ?”

“ತೊಳೀತಿದೀನಿ.” ಅವಳು ಕೈ ಬಟ್ಟೆಗೆ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು. ಪೇದೆ, ಗೌರೀಶ್, ಅವರ ಹಿಂದೆ ಮಾಧವಿ, ಮೂವರೂ ಚೌಕಟ್ಟಿನಲ್ಲಿ ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತಿದ್ದರು. “ಠಾಣೆಗೆ ಬರ್ತೀನಿ ಸರ್. ಓಡಿ ಹೋಗಲ್ಲ. ಈಗ ಇವರನ್ನ ಮಗ್ಗುಲಿಗೆ ತಿರುಗಿಸ್ಬೇಕು. ಒಬ್ರು ಆ ಕಡೆ ಬಂದು ಸೊಂಟ ಹಿಡ್ಕೊಂಡ್ರೆ ಬೇಗ ಆಗ್ತದೆ. ಯಾರ್ ಬರ್ತೀರಾ?”

ಪೇದೆ ಗೌರೀಶನ ಮುಖ ನೋಡಿದ. ಗೌರೀಶ್ ಹೆಂಡತಿಯ ಮುಖ ನೋಡಿದ. ಮಾಧವಿ ನೆಲ ನೋಡಿದಳು. ಪೇದೆಯ ಒಂದು ಕಾಲು ಹೊಸ್ತಿಲ ಮೇಲೆ ಬಂತು. ಹಾಗೇ ಸ್ವಲ್ಪ ಹೊತ್ತು ಇದ್ದು ಹಿಂದಕ್ಕೆ ಹೋಯಿತು.

ತಬಿತಾ ಒಂದು ಮಂಡಿಯನ್ನು ಮಂಚಕ್ಕೆ ಕೊಟ್ಟು, ಒಂದು ತೋಳನ್ನು ಮುದುಕಿಯ ಹೆಗಲ ಕೆಳಗೂ ಇನ್ನೊಂದನ್ನು ತೊಡೆಗಳ ಕೆಳಗೂ ತೂರಿಸಿದಳು.

“ಉಸಿರು ಹಿಡೀರಿ ಅಜ್ಜಿ,” ಎಂದಳು. ಒಬ್ಬಳೇ ತಿರುಗಿಸಿದಳು.